ಅರವತ್ತರ ದಶಕದ ಫಝ್ ದನಿ: ಪೆಡಲ್ ಆರಿಸುವುದರಿಂದ ಬಯಾಸ್ ಹೊಂದಿಸುವವರೆಗೆ

ಹಳೆ ಕಾಲದ ಫಝ್ ಸೌಂಡ್ ಬೇಕು, ಯಾವ ಪೆಡಲ್ ಕೊಳ್ಳಲಿ? ಈ ಪ್ರಶ್ನೆಗೆ ಒಂದೇ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಫಝ್ ಎಂದರೆ ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಬೇಕೆಂದೇ ಒಡೆದು ಒರಟಾಗಿಸುವುದು, ಪೆಡಲ್ ಎಂದರೆ ಅದನ್ನು ಮಾಡುವ, ಕಾಲಿನಿಂದ ಒತ್ತುವ ಸಣ್ಣ ಡಬ್ಬಿ. 1962ರ ಫಝ್‌ಗೂ 1969ರ ಫಝ್‌ಗೂ ಹೋಲಿಕೆ ಬಹಳ ಕಡಿಮೆ. ಇನ್ನೊಂದು ಮಾತು: ಒಳ್ಳೆಯ ಪೆಡಲನ್ನೇ ಕೊಂಡು, ಬೇಕಾದ ದನಿ ಬರಲಿಲ್ಲವೆಂದು ಎರಡೇ ತಿಂಗಳಲ್ಲಿ ಮಾರಿಬಿಡುವವರು ಬಹಳ ಮಂದಿ. ಹೆಚ್ಚಿನ ಸಲ ಅಲ್ಲಿ ತಪ್ಪಿರುವುದು ಪೆಡಲ್ ಅಲ್ಲ. ಅದರ ಮುಂದೆ ಕೂತ ಟ್ಯೂನರ್, ತಪ್ಪು ಅಡಾಪ್ಟರ್, ಕೋಣೆಯ ಬಿಸಿ, ಪೂರ್ತಿ ಕ್ಲೀನ್ ಆಗಿ (ದನಿ ಒಡೆಯದಂತೆ) ಇಟ್ಟ ಆಂಪ್ಲಿಫೈಯರ್ ಅಂದರೆ ಆಂಪ್, ಇವುಗಳಲ್ಲಿ ಯಾವುದೋ ಒಂದು ದನಿಯನ್ನು ಕೆಡಿಸಿರುತ್ತದೆ. ಆದ್ದರಿಂದ ಆಯ್ಕೆಗೆ ಎಷ್ಟು ಗಮನ ಕೊಡುತ್ತೀರೋ, ಕೊಂಡ ಮೇಲಿನ ಕೆಲಸಕ್ಕೂ ಅಷ್ಟೇ ಕೊಡಿ.

ಹಂತ 1: ಯಾವ ವರ್ಷದ ದನಿ ಎಂದು ಮೊದಲು ನಿರ್ಧರಿಸಿ

ನಿಮಗೆ ಇಷ್ಟವಾದ ಮೂರು ನಾಲ್ಕು ರೆಕಾರ್ಡಿಂಗ್‌ಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಂದು ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ, ಕೊನೆಗೆ ಮೆಲ್ಲಗೆ ಕರಗುತ್ತದೋ ಥಟ್ಟನೆ ಕಡಿದುಹೋಗುತ್ತದೋ, ನಡು ಸ್ಥಾಯಿ ಮುಂದೆ ಬಂದಿದೆಯೋ ಒಳಗೆ ಸರಿದಿದೆಯೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ಮೂರು ಗುರುತು ಸಿಕ್ಕರೆ ಯಾವ ಮನೆತನದ ಸರ್ಕ್ಯೂಟ್ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ.

ಮೇಸ್ಟ್ರೋ ಎಫ್‌ಝಡ್-1: ಗಿಬ್ಸನ್ ಕಂಪನಿ 1962ರಲ್ಲಿ ಮಾರುಕಟ್ಟೆಗೆ ತಂದದ್ದು. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, ಒಂದೂವರೆ ವೋಲ್ಟಿನ ಎರಡು ಸೆಲ್, ಒಟ್ಟು 3 ವೋಲ್ಟ್. ಇದರ ಹಿಂದಿನ ಕಥೆ ನ್ಯಾಶ್‌ವಿಲ್‌ನದು. 1961ರ ಮಾರ್ಟಿ ರಾಬಿನ್ಸ್ ಹಾಡೊಂದರಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಸೋಲೋ, ಕನ್ಸೋಲಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿದ್ದರಿಂದ ಗೊರಗೊರ ಎಂದು ಒಡೆದು ಕೇಳಿಸಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದನಿಯನ್ನು ಟ್ರಾನ್ಸಿಸ್ಟರ್‌ಗಳಿಂದ ಮತ್ತೆ ಹುಟ್ಟಿಸಿದರು. ತುತ್ತೂರಿ, ಟ್ರಾಂಬೋನ್‌ಗಳಂತೆ ಕೇಳಬೇಕೆಂಬ ಉದ್ದೇಶವಿದ್ದುದರಿಂದ ದನಿ ತೆಳು, ಗುಂಯ್ ಎನ್ನುವಂಥದ್ದು. ಸ್ವರ ಬೇಗ ಕಡಿಯುತ್ತದೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 1965ರಲ್ಲಿ ಬಳಸಿದ ಮೇಲೆ ಇದು ಎಲ್ಲರ ಕಿವಿಗೂ ಬಿತ್ತು. ಉದ್ದನೆಯ ಸೋಲೋ ನುಡಿಸುವವರಿಗೆ ಇದು ಹೊಂದುವುದಿಲ್ಲ. ಏಕತಂತಿಯ ಗಿಡ್ಡ ರಿಫ್‌ಗಳಿಗೆ ಇದನ್ನು ಮೀರಿಸಿದ್ದು ಇಲ್ಲ.

ಟೋನ್ ಬೆಂಡರ್: ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ 1965ರಲ್ಲಿ ಮಾಡಿದ್ದು. ಮೊದಲನೆಯದು ಮೇಸ್ಟ್ರೋ ಸರ್ಕ್ಯೂಟನ್ನೇ ಹಿಗ್ಗಿಸಿದ ರೂಪ. 1966ರ ಮಾರ್ಕ್ 2ರಲ್ಲಿ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, ಒಸಿ75 ಅಥವಾ ಒಸಿ81ಡಿ. ನಡು ಸ್ಥಾಯಿ ದಟ್ಟ, ಸಸ್ಟೇನ್ (ಸ್ವರ ನಿಲ್ಲುವ ಹೊತ್ತು) ಉದ್ದ, ಸ್ವಭಾವ ಒರಟು. ಗಿಟಾರ್ ವಾದಕ ಜಿಮ್ಮಿ ಪೇಜ್‌ರ ಆರಂಭದ ವರ್ಷಗಳ ದನಿ ಬೇಕೆನ್ನುವವರು ಇಲ್ಲಿ ಹುಡುಕಬೇಕು. ಗಿಟಾರಿನ ವಾಲ್ಯೂಮ್ ಇಳಿಸಿದರೂ ಇದು ಪೂರ್ತಿ ತಿಳಿಯಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ.

ಫಝ್ ಫೇಸ್: ಆರ್ಬಿಟರ್ ಕಂಪನಿ, ಲಂಡನ್, 1966. ಎರಡೇ ಟ್ರಾನ್ಸಿಸ್ಟರ್. ಮೊದಲು ಜರ್ಮೇನಿಯಂನ ಎನ್‌ಕೆಟಿ275 ಮತ್ತು ಎಸಿ128, ನಂತರ ಸಿಲಿಕಾನ್‌ನ ಬಿಸಿ183ಎಲ್, ಬಿಸಿ108ಸಿ, ಬಿಸಿ109ಸಿ. ಜಿಮಿ ಹೆಂಡ್ರಿಕ್ಸ್ ಎರಡೂ ಬಗೆಯವನ್ನು ಬಳಸಿದ್ದಾರೆ. ದನಿ ದುಂಡಗಿದೆ, ಕೈಬೆರಳಿನ ಒತ್ತಡಕ್ಕೆ ಓಗೊಡುತ್ತದೆ, ಗಿಟಾರಿನ ವಾಲ್ಯೂಮ್ ನಾಬ್ ಒಂದರಿಂದಲೇ ಫಝ್‌ನಿಂದ ಗಾಜಿನಂಥ ಕ್ಲೀನ್‌ವರೆಗೆ ಇಳಿಯುತ್ತದೆ. ಮುಂದಿನ ಹಂತಗಳಲ್ಲಿ ಹೆಚ್ಚು ಮಾತು ಇದರ ಬಗ್ಗೆಯೇ ಇರುತ್ತದೆ, ಏಕೆಂದರೆ ಸರಿಯಾಗಿ ಹೊಂದಿದರೆ ಇದರಷ್ಟು ಸೊಗಸು ಬೇರೆಯದಕ್ಕಿಲ್ಲ, ತಪ್ಪಿದರೆ ಇದರಷ್ಟು ಕೆಟ್ಟದ್ದೂ ಇಲ್ಲ.

ಬಿಗ್ ಮಫ್: ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್, 1969. ನಾಲ್ಕು ಸಿಲಿಕಾನ್ ಟ್ರಾನ್ಸಿಸ್ಟರ್, ನಡುವಿನ ಎರಡು ಘಟ್ಟಗಳಲ್ಲಿ ಡಯೋಡ್‌ಗಳಿಂದ ಕ್ಲಿಪ್ಪಿಂಗ್ (ಅಲೆಯ ತುದಿ ಕತ್ತರಿಸುವುದು). ಸ್ವರ ಉದ್ದಕ್ಕೆ ಹಾಡುತ್ತದೆ, ನಡು ಸ್ಥಾಯಿ ತಗ್ಗುತ್ತದೆ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್‌ರ ಎಪ್ಪತ್ತರ ದಶಕದ ಕೊನೆಯ ದನಿ ‘ರ‍್ಯಾಮ್ಸ್ ಹೆಡ್’ ಎಂದು ಕರೆಯುವ ಎರಡನೇ ಆವೃತ್ತಿಯದು. ಇದೊಂದಕ್ಕೆ ತಲೆನೋವು ಕಡಿಮೆ: ಬಫರ್ (ಗಿಟಾರಿನ ಸಿಗ್ನಲ್ ಕುಂದದಂತೆ ಮುಂದೆ ಕಳಿಸುವ ಸರ್ಕ್ಯೂಟ್) ಹಿಂದೆ ಇಟ್ಟರೂ ಕೆಡುವುದಿಲ್ಲ, ಬಿಸಿಲಿಗೆ ಬದಲಾಗುವುದಿಲ್ಲ, ಮಾಮೂಲು ಅಡಾಪ್ಟರ್ ಸಾಕು. ತ್ರಿಕೋನ, ರ‍್ಯಾಮ್ಸ್ ಹೆಡ್, ರಷ್ಯನ್ ಹಸಿರು, ಆಪ್-ಆಂಪ್ ಎಂಬ ಹಳೆ ಆವೃತ್ತಿಗಳನ್ನೆಲ್ಲ ಕಂಪನಿಯೇ ನ್ಯಾನೋ ಗಾತ್ರದಲ್ಲಿ ಮತ್ತೆ ತಂದಿದೆ. ಈ ದನಿ ಬೇಕಿದ್ದವರು ಅವುಗಳಲ್ಲೊಂದನ್ನು ಕೊಂಡು ನೇರ 6ನೇ ಹಂತಕ್ಕೆ ಹೋಗಬಹುದು.

ಆಕ್ಟೇವ್ ಫಝ್: ರೋಜರ್ ಮೇಯರ್‌ರ ಆಕ್ಟೇವಿಯಾ, ಜಪಾನಿನಲ್ಲಿ ತಯಾರಾದ ಯೂನಿವಾಕ್ಸ್ ಸೂಪರ್-ಫಝ್ ಈ ಗುಂಪಿನವು. ನುಡಿಸಿದ ಸ್ವರದ ಮೇಲೆ ಒಂದು ಸ್ಥಾಯಿ ಮೇಲಿನ ಸ್ವರ ಕೂಡುತ್ತದೆ. ನೆಕ್ ಬದಿಯ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಸುರುಳಿ) ಹಾಕಿ, ಟೋನ್ ಪೂರ್ತಿ ಇಳಿಸಿ, 12ನೇ ಫ್ರೆಟ್‌ನ ಮೇಲೆ ನುಡಿಸಿದಾಗ ಅದು ಸ್ಪಷ್ಟ ಕೇಳುತ್ತದೆ. ಕಾರ್ಡ್ ಹಿಡಿದರೆ ಗಲಿಬಿಲಿ.

ಹಂತ 2: ಜರ್ಮೇನಿಯಮೋ ಸಿಲಿಕಾನೋ

ಜರ್ಮೇನಿಯಂ ಎಂದರೆ ಹಳೆಯ ದನಿ, ಸಿಲಿಕಾನ್ ಎಂದರೆ ಹೊಸತು ಎಂಬ ನಂಬಿಕೆ ಬಲವಾಗಿದೆ. ಅದು ಪೂರ್ತಿ ನಿಜವಲ್ಲ. ಅರವತ್ತರ ದಶಕದ ಕೊನೆಯಲ್ಲೇ ಫಝ್ ಫೇಸ್ ಸಿಲಿಕಾನ್‌ಗೆ ಬದಲಾಗಿತ್ತು. ನಾವು ವಿಂಟೇಜ್ ಎಂದು ಕೇಳಿಸಿಕೊಳ್ಳುವ ಎಷ್ಟೋ ದನಿ ಸಿಲಿಕಾನ್‌ನದೇ. ಜರ್ಮೇನಿಯಂನ ಅಂಚು ಮೃದು, ಮೇಲಿನ ಸ್ಥಾಯಿ ಕಡಿಮೆ. ಸಿಲಿಕಾನ್‌ನಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಶಕ್ತಿ) ಹೆಚ್ಚು, ಹೊಳಪು ಹೆಚ್ಚು, ಜೊತೆಗೆ ಸುಯ್ ಎನ್ನುವ ಸದ್ದೂ ಹೆಚ್ಚು.

ನಮ್ಮ ಕಡೆ ಇರುವವರಿಗೆ ಮುಖ್ಯವಾದದ್ದು ಉಷ್ಣತೆ. ಟ್ರಾನ್ಸಿಸ್ಟರಿಗೆ ಬೇಸ್, ಎಮಿಟರ್, ಕಲೆಕ್ಟರ್ ಎಂದು ಮೂರು ಕಾಲು. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಬೇಸ್‌ಗೆ ಏನೂ ಕೊಡದಿದ್ದರೂ ಸ್ವಲ್ಪ ಕರೆಂಟ್ ಸೋರುತ್ತಿರುತ್ತದೆ. ಸುಮಾರು ಪ್ರತಿ 10 ಡಿಗ್ರಿಗೆ ಈ ಸೋರಿಕೆ ಇಮ್ಮಡಿ. 22 ಡಿಗ್ರಿಯಲ್ಲಿ 100 ಮೈಕ್ರೋಆಂಪ್ ಸೋರುವ ಟ್ರಾನ್ಸಿಸ್ಟರ್ 38 ಡಿಗ್ರಿಯಲ್ಲಿ 300ರ ಸಮೀಪ ಸೋರುತ್ತದೆ. ಫಝ್ ಫೇಸ್‌ನ ಮೊದಲ ಟ್ರಾನ್ಸಿಸ್ಟರಿಗೆ 33 ಕಿಲೋಓಮ್ ರೆಸಿಸ್ಟರ್ ಮೂಲಕ ಸಿಗುವ ಕರೆಂಟ್ ಒಟ್ಟು 250 ಮೈಕ್ರೋಆಂಪ್ ಅಷ್ಟೇ. ಸೋರಿಕೆಯೇ ಅದನ್ನು ನುಂಗತೊಡಗಿದರೆ ಬಯಾಸ್ (ನುಡಿಸದಿದ್ದಾಗಲೂ ಟ್ರಾನ್ಸಿಸ್ಟರನ್ನು ಸರಿಯಾದ ನೆಲೆಯಲ್ಲಿ ಹಿಡಿದಿಡುವ ವೋಲ್ಟೇಜ್) ತನ್ನ ಜಾಗ ಬಿಟ್ಟು ಸರಿಯುತ್ತದೆ, ಸ್ವರ ಹರಿದ ಹಾಗೆ ಪಟಪಟ ಎಂದು ಕಡಿಯುತ್ತದೆ. ಲಂಡನ್ನಿನ ಚಳಿಯಲ್ಲಿ ಹೊಂದಿಸಿದ ಪೆಡಲ್ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅದೇ ದನಿ ಕೊಡುವುದಿಲ್ಲ. ಕಲಬುರಗಿ, ಬಳ್ಳಾರಿಯ ಬಯಲು ವೇದಿಕೆಗಳಲ್ಲಿ ಮಧ್ಯಾಹ್ನದ ಸೌಂಡ್‌ಚೆಕ್‌ಗೂ ರಾತ್ರಿಯ ಕಾರ್ಯಕ್ರಮಕ್ಕೂ ನಡುವೆಯೇ ದನಿ ಬದಲಾಗಬಹುದು.

ಹಾಗಾಗಿ ನಮ್ಮ ಸಲಹೆ ಇದು. ಮನೆಯಲ್ಲಿ, ಸ್ಟುಡಿಯೋದಲ್ಲಿ ನುಡಿಸುವವರು, ಬೆಂಗಳೂರು, ಮೈಸೂರು, ಮಡಿಕೇರಿಯಂಥ ಊರುಗಳಲ್ಲಿರುವವರು ಜರ್ಮೇನಿಯಂ ಕೊಳ್ಳಬಹುದು, ಆದರೆ ಹೊರಗಡೆ ಬಯಾಸ್ ನಾಬ್ ಇರುವುದನ್ನೇ ಆರಿಸಿ. ಬೇರೆ ಬೇರೆ ಊರು ಸುತ್ತಿ ವೇದಿಕೆಯಲ್ಲಿ ನುಡಿಸುವವರು ಬಿಸಿ108 ಇರುವ ಸಿಲಿಕಾನ್ ಫಝ್ ಫೇಸ್ ಕೊಂಡು ಗಿಟಾರಿನ ವಾಲ್ಯೂಮನ್ನು 8ರಲ್ಲಿಟ್ಟು ನುಡಿಸಿ. ಜರ್ಮೇನಿಯಂನ ಮೃದುತನದ ಬಹುಪಾಲು ಅಲ್ಲೇ ಸಿಗುತ್ತದೆ. ಡನ್ಲಪ್‌ನ ಮಿನಿ ಫಝ್ ಫೇಸ್‌ಗಳಲ್ಲಿ ಅಡಾಪ್ಟರ್ ಸಾಕೆಟ್ ಮತ್ತು ಎಲ್‌ಇಡಿ ಇವೆ, ವೇದಿಕೆಗೆ ಅನುಕೂಲ.

ಹಂತ 3: ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಗಿಟಾರಿನಿಂದ ನೇರ ಫಝ್, ಫಝ್‌ನಿಂದ ನೇರ ಆಂಪ್, ನಡುವೆ ಏನೂ ಬೇಡ. ಆಂಪನ್ನು ಪೂರ್ತಿ ಕ್ಲೀನ್ ಆಗಿಡದೆ, ಗಟ್ಟಿಯಾಗಿ ಮೀಟಿದರೆ ಸ್ವಲ್ಪ ಒಡೆಯುವಷ್ಟಕ್ಕೆ ಏರಿಸಿ.

ಮೊದಲು ಫಝ್ ನಾಬ್ ಪೂರ್ತಿ, ಗಿಟಾರ್ ವಾಲ್ಯೂಮ್ ಪೂರ್ತಿ. ಮೂರನೇ ತಂತಿಯ 7ನೇ ಫ್ರೆಟ್ ಒಂದು ಸಲ ಮೀಟಿ ಕೊನೆಯವರೆಗೂ ಕೇಳಿ. ಸ್ವರ ಕರಗುತ್ತ ಹೋದರೆ ಬಯಾಸ್ ಸರಿಯಿದೆ. ನಡುವೆ ಪಟ್ ಎಂದು ನಿಂತರೆ, ಮೇಸ್ಟ್ರೋ ಬಗೆಯದಲ್ಲದ ಪೆಡಲ್‌ನಲ್ಲಿ ಅದು ದೋಷ.

ಈಗ ಗಿಟಾರಿನ ವಾಲ್ಯೂಮ್ 7ಕ್ಕೆ ಇಳಿಸಿ, ಆಮೇಲೆ 4ಕ್ಕೆ. ಫಝ್ ಫೇಸ್ ಬಗೆಯದಾದರೆ 7ರಲ್ಲಿ ಓವರ್‌ಡ್ರೈವ್‌ನಂತೆ, 4ರಲ್ಲಿ ಹೊಳಪಿರುವ ಕ್ಲೀನ್ ಆಗಿ ಕೇಳಬೇಕು. ಇಳಿಸಿದಾಗ ದನಿ ಮಂಕಾದರೆ ಅಥವಾ ಫಝ್ ಹಾಗೇ ಉಳಿದು ಸದ್ದು ಮಾತ್ರ ಸಣ್ಣದಾದರೆ ಅದು ಆ ಕಾಲದ ಫಝ್ ಫೇಸ್ ನಡೆದುಕೊಂಡ ರೀತಿಯಲ್ಲ. ಪರೀಕ್ಷೆಗಳಲ್ಲೆಲ್ಲ ಇದೇ ಮುಖ್ಯ. ಫಝ್ ಪೂರ್ತಿ ಏರಿಸಿದಾಗ ನೂರು ಪೆಡಲ್‌ಗಳು ಚೆನ್ನಾಗಿಯೇ ಕೇಳುತ್ತವೆ, ವ್ಯತ್ಯಾಸ ಗೊತ್ತಾಗುವುದು ವಾಲ್ಯೂಮ್ ಇಳಿಸಿದಾಗ.

ಆಮೇಲೆ ಎರಡನೇ ಮತ್ತು ಮೂರನೇ ತಂತಿಗಳಲ್ಲಿ ಎರಡು ಸ್ವರ ಒಟ್ಟಿಗೆ ನುಡಿಸಿ ಒಂದನ್ನು ಬೆಂಡ್ ಮಾಡಿ. ಕೆಳಗೆ ಗುರ್ ಎನ್ನುವ ಮೂರನೇ ದನಿ ಏಳುತ್ತದೆ. ಅದು ಇರಬೇಕಾದದ್ದೇ. ಇನ್ನು ಪೆಡಲ್ ಆನ್‌ನಲ್ಲಿಟ್ಟು, ನಾಬ್‌ಗಳನ್ನು ಮುಟ್ಟದೆ, 20 ನಿಮಿಷ ಬಿಟ್ಟು ಮತ್ತೆ ಕೇಳಿ. ಎಸಿ ಇರುವ ಅಂಗಡಿಯಾದರೆ ಸಾಧ್ಯವಿದ್ದಲ್ಲಿ ಎಸಿ ಇಲ್ಲದ ಕಡೆಯೂ ಒಮ್ಮೆ. ಕೊನೆಗೆ ಲೆವೆಲ್: ಪೆಡಲ್‌ನ ವಾಲ್ಯೂಮ್ ಪೂರ್ತಿ ಏರಿಸಿದಾಗಲೂ ಬೈಪಾಸ್‌ಗಿಂತ (ಪೆಡಲ್ ಆಫ್ ಇದ್ದಾಗಿಗಿಂತ) ಸದ್ದು ಹೆಚ್ಚದಿದ್ದರೆ ವೇದಿಕೆಯಲ್ಲಿ ಸೋಲೋ ಮುಳುಗುತ್ತದೆ. ಹಳೆ ಜರ್ಮೇನಿಯಂ ಸರ್ಕ್ಯೂಟ್‌ಗಳಲ್ಲಿ ಇದು ಸಾಮಾನ್ಯ. ಪರಿಹಾರ 5ನೇ ಹಂತದಲ್ಲಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಿಂಬದಿ ಮುಚ್ಚಳ ತೆಗೆದು ಬೋರ್ಡಿನ ಎರಡೂ ಬದಿಯ ಫೋಟೋ ಕೇಳಿ. ಎನ್‌ಕೆಟಿ275 ಎಂದು ಮುದ್ರೆ ಒತ್ತಿದ ಬೇರೆ ಟ್ರಾನ್ಸಿಸ್ಟರ್‌ಗಳು ಬಹಳ ಕಾಲದಿಂದ ಓಡಾಡುತ್ತಿವೆ, ಹಾಗಾಗಿ ಹೆಸರಿಗೆ ದುಡ್ಡು ಕೊಡಬೇಡಿ. ಜರ್ಮೇನಿಯಂ ಹೌದೋ ಅಲ್ಲವೋ ಎಂಬುದು ಮಲ್ಟಿಮೀಟರಿನಲ್ಲಿ ತಿಳಿಯುತ್ತದೆ. ಬೋರ್ಡಿನಿಂದ ಹೊರಗಿರುವ ಅಥವಾ ಸಾಕೆಟ್‌ನಿಂದ ಬಿಡಿಸಿದ ಪಿಎನ್‌ಪಿ (ಟ್ರಾನ್ಸಿಸ್ಟರಿನ ಎರಡು ಬಗೆಗಳಲ್ಲಿ ಒಂದು, ಇನ್ನೊಂದು ಎನ್‌ಪಿಎನ್) ಟ್ರಾನ್ಸಿಸ್ಟರಿನ ಎಮಿಟರಿಗೆ ಕೆಂಪು ಪ್ರೋಬ್, ಬೇಸ್‌ಗೆ ಕಪ್ಪು ಪ್ರೋಬ್ ಇಟ್ಟು ಡಯೋಡ್ ಮೋಡ್‌ನಲ್ಲಿ ನೋಡಿ. 0.15ರಿಂದ 0.3 ವೋಲ್ಟ್ ಬಂದರೆ ಜರ್ಮೇನಿಯಂ, 0.6ರ ಆಸುಪಾಸಾದರೆ ಸಿಲಿಕಾನ್.

ಹಂತ 4: ಫಝ್ ಎಲ್ಲಿ ಕೂರಬೇಕು

ಫಝ್ ಫೇಸ್, ಟೋನ್ ಬೆಂಡರ್ ಬಗೆಯವು ಗಿಟಾರಿನ ನಂತರ ಮೊದಲನೆಯದಾಗಿಯೇ ಇರಬೇಕು. ಕಾರಣ ತಿಳಿದರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ.

ಮಾಮೂಲಿ ಪೆಡಲ್‌ನ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) 500 ಕಿಲೋಓಮ್‌ನಿಂದ 1 ಮೆಗಾಓಮ್. ಫಝ್ ಫೇಸ್‌ನದು ಕೆಲವೇ ಕಿಲೋಓಮ್. ಹೀಗಾಗಿ ಅದು ಪಿಕಪ್‌ನ ಮೇಲೆ ಭಾರ ಹಾಕುತ್ತದೆ. ಪಿಕಪ್‌ನ ಸುರುಳಿ ಆ ಭಾರಕ್ಕೆ ಮೇಲಿನ ಸ್ಥಾಯಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ದುಂಡು ದನಿ ಬರುವುದು ಇದರಿಂದ. ಗಿಟಾರಿನ ವಾಲ್ಯೂಮ್ ಇಳಿಸಿದಾಗ ಆ ನಾಬ್‌ನ ಕೆಳಗಿರುವ ಪಾಟ್‌ನ (ತಿರುಗಿಸಿ ಬದಲಿಸುವ ರೆಸಿಸ್ಟರ್) ರೆಸಿಸ್ಟೆನ್ಸ್ ನಡುವೆ ಸೇರುತ್ತದೆ, ಒಳಹೋಗುವ ಕರೆಂಟ್ ಕಡಿಮೆಯಾಗುತ್ತದೆ, ಪಿಕಪ್‌ನ ಭಾರ ಇಳಿಯುತ್ತದೆ. ಆದ್ದರಿಂದಲೇ ದನಿ ಮಂಕಾಗದೆ ಹೊಳಪಿನ ಕ್ಲೀನ್ ಆಗುತ್ತದೆ. ಅಂದರೆ ಗಿಟಾರ್ ಮತ್ತು ಫಝ್ ಸೇರಿ ಒಂದೇ ಸರ್ಕ್ಯೂಟ್.

ನಡುವೆ ಬಫರ್ ಇರುವ ಪೆಡಲ್ ಬಂದರೆ ಈ ನಂಟು ಕಡಿಯಿತು. ಬಫರ್‌ನ ಔಟ್‌ಪುಟ್ ಇಂಪಿಡೆನ್ಸ್ ತೀರಾ ಕಡಿಮೆಯಾದ್ದರಿಂದ ಫಝ್‌ಗೆ ಕರೆಂಟ್ ಧಾರಾಳವಾಗಿ ನುಗ್ಗುತ್ತದೆ. ದನಿ ಚುಚ್ಚುತ್ತದೆ, ವಾಲ್ಯೂಮ್ ಇಳಿಸಿದರೂ ತಿಳಿಯಾಗುವುದಿಲ್ಲ. ಟ್ಯೂನರ್ ಆಫ್ ಇದ್ದರೂ ಅದರ ಬೈಪಾಸ್‌ನಲ್ಲಿ ಬಫರ್ ಇರಬಹುದು. ವೈರ್‌ಲೆಸ್ ರಿಸೀವರ್‌ನ ಔಟ್‌ಪುಟ್ ಕೂಡ ಇದೇ ಜಾತಿ. ಆಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್ ಇರುವ ಗಿಟಾರ್‌ಗಳೂ ಅಷ್ಟೇ.

ವೈರ್‌ಲೆಸ್ ಬಿಡಲಾಗದವರು ಫಝ್‌ನ ಮುಂದೆ ಸಣ್ಣ ಡಬ್ಬಿಯಲ್ಲಿ 50 ಕಿಲೋಓಮ್ ಪಾಟ್ ಒಂದನ್ನು ಸೀರೀಸ್‌ನಲ್ಲಿ ಹಾಕಿ, 10ರಿಂದ 40 ಕಿಲೋಓಮ್ ನಡುವೆ ಕಿವಿಗೆ ಸರಿಬರುವಲ್ಲಿ ನಿಲ್ಲಿಸಿ. ಪೂರ್ತಿ ಸರಿಹೋಗುವುದಿಲ್ಲ, ಆದರೆ ಚುಚ್ಚುವುದು ಹೋಗುತ್ತದೆ. ಗಿಟಾರಿನ ವಾಲ್ಯೂಮ್ ಪಾಟ್‌ಗೆ ಟ್ರೆಬಲ್ ಬ್ಲೀಡ್ (ವಾಲ್ಯೂಮ್ ಇಳಿಸಿದಾಗ ಮೇಲಿನ ಸ್ಥಾಯಿ ಉಳಿಸುವ) ಕೆಪಾಸಿಟರ್ ಹಾಕಿಸಿದ್ದರೆ ಒಮ್ಮೆ ಅದನ್ನು ಬಿಡಿಸಿ ಕೇಳಿ. ಫಝ್ ತಿಳಿಯಾಗುವ ಬಗೆಯನ್ನು ಅದು ಹಲವು ಸಲ ತೆಳುವಾಗಿಸುತ್ತದೆ.

ವಾವ್ ಪೆಡಲ್ (ಕಾಲಿನಿಂದ ತೂಗಿ ವಾ-ವಾ ಎನ್ನಿಸುವಂಥದ್ದು) ಮುಂದೆ, ಫಝ್ ಹಿಂದೆ ಇಟ್ಟರೆ ವಾವ್‌ನ ಓಟ ಸತ್ತುಹೋಗುತ್ತದೆ, ಕೆಲವೊಮ್ಮೆ ಕೂಗುತ್ತದೆ. ಫಝ್ ಮೊದಲಿಡಿ. ಹಾಗೆ ಬೇಡವೆಂದರೆ ವಾವ್‌ನ ಔಟ್‌ಪುಟ್‌ಗೆ ಬಫರ್ ಸೇರಿಸಿಕೊಟ್ಟಿರುವಂಥದ್ದನ್ನು ಆರಿಸಿ. ಉಳಿದ ಎಲ್ಲ ಪೆಡಲ್‌ಗಳೂ, ಟ್ಯೂನರ್ ಸೇರಿ, ಫಝ್‌ನ ನಂತರ.

ಪವರ್ ವಿಚಾರದಲ್ಲಿ ಎಚ್ಚರ ಬೇಕು. ಪಿಎನ್‌ಪಿ ಜರ್ಮೇನಿಯಂ ಇರುವ ಹಳೆ ಮಾದರಿಯ ಸರ್ಕ್ಯೂಟ್‌ನಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಗ್ರೌಂಡ್. ಉಳಿದ ಪೆಡಲ್‌ಗಳಲ್ಲಿ ಮೈನಸ್ ಗ್ರೌಂಡ್. ಒಂದೇ ಅಡಾಪ್ಟರಿನಿಂದ ಕವಲೊಡೆದ ವೈರ್‌ನಲ್ಲಿ ಎರಡನ್ನೂ ಸೇರಿಸಿದರೆ ಪ್ಯಾಚ್ ಕೇಬಲ್‌ನ ಶೀಲ್ಡ್ ಮೂಲಕ ಪ್ಲಸ್ಸೂ ಮೈನಸ್ಸೂ ನೇರ ಕೂಡಿ ಶಾರ್ಟ್ ಆಗುತ್ತದೆ. ಇಂಥ ಪೆಡಲ್‌ಗೆ ಬ್ಯಾಟರಿ ಹಾಕಿ, ಅಥವಾ ಪ್ರತಿ ಔಟ್‌ಪುಟ್ ಬೇರೆಬೇರೆಯಾಗಿ ಐಸೊಲೇಟ್ ಆಗಿರುವ ಸಪ್ಲೈ ಬಳಸಿ. ಒಳಗೆ ವೋಲ್ಟೇಜ್ ತಿರುಗಿಸುವ ಚಿಪ್ ಇರುವ ಮಾದರಿಗಳೂ ಇವೆ, ಅವುಗಳಲ್ಲಿ ಕೀಚಲು ಸದ್ದು ಇದೆಯೇ ಎಂದು ಕೇಳಿ ನೋಡಿ.

ಬ್ಯಾಟರಿಯ ಬಗ್ಗೆ ಇನ್ನೊಂದು ಮಾತು. ಕಾರ್ಬನ್ ಬ್ಯಾಟರಿಯೇ ಆಗಬೇಕು, ಅದರ ಒಳರೆಸಿಸ್ಟೆನ್ಸ್‌ನಿಂದ ದನಿ ಮೃದುವಾಗುತ್ತದೆ ಎನ್ನುವವರಿದ್ದಾರೆ. ಫಝ್ ಫೇಸ್ ಎಳೆಯುವುದು ಸುಮಾರು 0.8 ಮಿಲಿಆಂಪ್. ಅಷ್ಟಕ್ಕೆ ಕೆಲವು ಹತ್ತು ಓಮ್‌ನ ಒಳರೆಸಿಸ್ಟೆನ್ಸ್ ಬೀಳಿಸುವುದು ಮಿಲಿವೋಲ್ಟ್‌ಗಳ ಲೆಕ್ಕದಲ್ಲಿ. ನಮ್ಮ ಅಭಿಪ್ರಾಯದಲ್ಲಿ ಕಿವಿಗೆ ಬೀಳುವ ವ್ಯತ್ಯಾಸ ಅರ್ಧ ಮುಗಿದ ಬ್ಯಾಟರಿಯ ಕಡಿಮೆ ವೋಲ್ಟೇಜ್‌ನದು. ಅದು ಬೇಕಿದ್ದರೆ ಪವರ್ ತಂತಿಗೆ ಸೀರೀಸ್‌ನಲ್ಲಿ 2 ಕಿಲೋಓಮ್ ಟ್ರಿಮ್ಮರ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಸಣ್ಣ ಪಾಟ್) ಹಾಕಿ. 1 ಕಿಲೋಓಮ್‌ಗೆ ಸುಮಾರು 0.8 ವೋಲ್ಟ್ ಇಳಿಯುತ್ತದೆ, 2ಕ್ಕೆ ಸುಮಾರು ಒಂದೂವರೆ. ಮತ್ತೆ ನುಡಿಸಿ ಮುಗಿದ ಕೂಡಲೇ ಇನ್‌ಪುಟ್ ಜ್ಯಾಕ್ ಎಳೆದಿಡಿ, ಜ್ಯಾಕ್ ಒಳಗಿದ್ದರೆ ಬ್ಯಾಟರಿ ಓಡುತ್ತಲೇ ಇರುತ್ತದೆ.

ಹಂತ 5: ಬಯಾಸ್ ಹೊಂದಿಸುವುದು

ಇದಕ್ಕೆ ಬೇಕಾದದ್ದು ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, ಹೊಸ ಬ್ಯಾಟರಿ. ನೀವು ನಿಜವಾಗಿ ನುಡಿಸುವ ಕೋಣೆಯಲ್ಲಿ, ನಿಜವಾಗಿ ನುಡಿಸುವ ಹೊತ್ತಿನಲ್ಲಿ ಮಾಡಿ. ಬೆಸುಗೆ ಹಾಕಿದ ಮೇಲಾದರೆ ಹತ್ತು ನಿಮಿಷ ಆರಲು ಬಿಡಿ. ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಬೆರಳಿನಿಂದ ಮುಟ್ಟಿದರೂ ಅಂಕಿ ಓಡುತ್ತದೆ.

ಕಪ್ಪು ಪ್ರೋಬ್ ಗ್ರೌಂಡಿಗೆ, ಕೆಂಪು ಪ್ರೋಬ್ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್‌ಗೆ. ಫಝ್ ನಾಬ್ ಪೂರ್ತಿ ಏರಿಸಿರಲಿ. 9 ವೋಲ್ಟಿನ ಬ್ಯಾಟರಿಗೆ 4.5 ವೋಲ್ಟ್ ಬಂದರೆ ಸರಿಯಾದ ನಡುಜಾಗ. ಪಿಎನ್‌ಪಿಯಲ್ಲಿ ಮೈನಸ್ 4.5 ಎಂದು ತೋರಿಸುತ್ತದೆ. ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್‌ನಲ್ಲಿ ಜರ್ಮೇನಿಯಂ ಆದರೆ 0.7ರ ಹತ್ತಿರ, ಸಿಲಿಕಾನ್ ಆದರೆ 1.2ರ ಹತ್ತಿರ ಇರುತ್ತದೆ.

ಮೂಲ ಫಝ್ ಫೇಸ್‌ನಲ್ಲಿ ಎರಡನೇ ಕಲೆಕ್ಟರ್‌ನಲ್ಲಿ 8.2 ಕಿಲೋಓಮ್ ರೆಸಿಸ್ಟರ್ ಇದೆ. ಅದರ ಜಾಗದಲ್ಲಿ 20 ಕಿಲೋಓಮ್ ಟ್ರಿಮ್ಮರ್ ಇರುವ ಪೆಡಲ್ ಆದರೆ ಕೆಲಸ ಸುಲಭ. ಬೇಸಿಗೆಯಲ್ಲಿ ಅಂಕಿ 6, 7ಕ್ಕೆ ಏರಿದ್ದರೆ ಟ್ರಿಮ್ಮರಿನ ರೆಸಿಸ್ಟೆನ್ಸ್ ಹೆಚ್ಚಿಸಿ ಅಂಕಿಯನ್ನು ಕೆಳಗಿಳಿಸಿ. ಚಳಿಗಾಲದಲ್ಲಿ ಇದಕ್ಕೆ ವಿರುದ್ಧ. ಮೀಟರಿನಲ್ಲಿ 4.5ಕ್ಕೆ ತಂದ ಮೇಲೆ ಗಿಟಾರ್ ಹಿಡಿದು ಅತ್ತಿತ್ತ ಸ್ವಲ್ಪ ಸರಿಸಿ ಕೇಳಿ. 5ರ ಸಮೀಪ ಕೆಲವು ಪೆಡಲ್‌ಗಳು ಹೆಚ್ಚು ಸ್ಪಷ್ಟವಾಗಿರುತ್ತವೆ. ಅಂಕಿಗಿಂತ ಕಿವಿಯ ತೀರ್ಪನ್ನೇ ಒಪ್ಪಿಕೊಳ್ಳಿ. ಟ್ರಿಮ್ಮರ್ ಪೂರ್ತಿ ತಿರುಗಿಸಿದರೂ 4.5 ಸಿಗದಿದ್ದರೆ ಟ್ರಾನ್ಸಿಸ್ಟರಿನ ಸೋರಿಕೆಯೋ ಗೇನೋ ಹೊಂದುವಂಥದ್ದಲ್ಲ, ಬದಲಿಸಬೇಕು.

ಸದ್ದು ಸಾಲದು ಎಂಬ ತೊಂದರೆಗೆ ಪರಿಹಾರವೂ ಇಲ್ಲೇ ಇದೆ. 8.2 ಕಿಲೋಓಮ್‌ಗೆ ಸೇರಿಕೊಂಡು 470 ಓಮ್‌ನ ರೆಸಿಸ್ಟರ್ ಒಂದಿದೆ, ಔಟ್‌ಪುಟ್ ತೆಗೆದುಕೊಳ್ಳುವುದು ಇವೆರಡರ ಸಂಧಿಯಿಂದ. ಒಟ್ಟು ಸಿಗ್ನಲ್‌ನಲ್ಲಿ ನೂರಕ್ಕೆ ಐದೂವರೆ ಭಾಗ ಮಾತ್ರ ಹೊರಬರುತ್ತದೆ. 470ರ ಬದಲು 1 ಕಿಲೋಓಮ್ ಹಾಕಿದರೆ ಔಟ್‌ಪುಟ್ ಹೆಚ್ಚುಕಡಿಮೆ ಇಮ್ಮಡಿ. ದನಿಯ ಗುಣ ಬದಲಾಗುವುದಿಲ್ಲ, ಖರ್ಚು ಒಂದೆರಡು ರೂಪಾಯಿ.

ಸ್ವಂತವಾಗಿ ಮಾಡಿಕೊಳ್ಳುವವರಿಗೆ

ಫಝ್ ಫೇಸ್‌ನ ಸರ್ಕ್ಯೂಟ್ ಬೆಸುಗೆ ಕಲಿಯುತ್ತಿರುವವರೂ ಒಂದು ಭಾನುವಾರದಲ್ಲಿ ಮುಗಿಸುವಷ್ಟು ಚಿಕ್ಕದು. ಸಾಮಾನು ಇಷ್ಟೇ: ಎರಡು ಟ್ರಾನ್ಸಿಸ್ಟರ್ ಮತ್ತು ಅವಕ್ಕೆ ಸಾಕೆಟ್, 33 ಕಿಲೋಓಮ್, 100 ಕಿಲೋಓಮ್, 470 ಓಮ್ ತಲಾ ಒಂದು ರೆಸಿಸ್ಟರ್, 20 ಕಿಲೋಓಮ್ ಟ್ರಿಮ್ಮರ್, 2.2, 22 ಮತ್ತು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್, ಫಝ್‌ಗೆ 1 ಕಿಲೋಓಮ್ ಪಾಟ್, ವಾಲ್ಯೂಮ್‌ಗೆ 500 ಕಿಲೋಓಮ್ ಲಾಗ್ ಪಾಟ್, ಒಂಬತ್ತು ಪಿನ್‌ನ ಫುಟ್‌ಸ್ವಿಚ್, ಒಂದು ಸ್ಟೀರಿಯೋ, ಒಂದು ಮೋನೋ ಜ್ಯಾಕ್, ಬ್ಯಾಟರಿ ಕ್ಲಿಪ್, ಅಲ್ಯೂಮಿನಿಯಂ ಡಬ್ಬಿ. ಪಿಎನ್‌ಪಿ ಆದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಪ್ಲಸ್-ಮೈನಸ್ ತಿರುಗುಮುರುಗಾಗುತ್ತದೆ. ಕಟ್ಟಿದ ಪೆಡಲ್ ಮೊದಲ ಸಲ ಹಾಡದಿರಲು ಇದು ಸಾಮಾನ್ಯ ಕಾರಣ.

ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಸಿ107, ಬಿಸಿ108, ಬಿಸಿ109 ಲೋಹದ ಟೋಪಿಯವು ಕೇಳಿ ನೋಡಿ. ಹೆಸರಿನ ಕೊನೆಯ ಅಕ್ಷರ ಗೇನ್ ಹೇಳುತ್ತದೆ: ಎ ಆದರೆ 110ರಿಂದ 220, ಬಿ 200ರಿಂದ 450, ಸಿ 420ರಿಂದ 800. ಹಳೆಯ ಮೃದು ದನಿ ಬೇಕಿದ್ದರೆ ಎಲ್ಲರೂ ಹುಡುಕುವ ಸಿ ಬಿಟ್ಟು, ಮೊದಲ ಜಾಗಕ್ಕೆ ಎ, ಎರಡನೆಯದಕ್ಕೆ ಬಿ ಹಾಕಿ ನೋಡಿ.

ಜರ್ಮೇನಿಯಂ ಬೇಕಾದರೆ ಕೆಟ್ಟುಹೋದ ಹಳೆ ಟ್ರಾನ್ಸಿಸ್ಟರ್ ರೇಡಿಯೊಗಳ ಒಳಗೆ ನೋಡಿ. ಬೆಂಗಳೂರಿನ ಬಿಇಎಲ್ ಕಾರ್ಖಾನೆ ಒಂದು ಕಾಲಕ್ಕೆ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸುತ್ತಿತ್ತು. ರೇಡಿಯೊದ ಔಟ್‌ಪುಟ್ ಭಾಗದಲ್ಲಿ ಎಸಿ128, ಎಸಿ188 ಸಿಕ್ಕರೆ ಎರಡೂ ಪಿಎನ್‌ಪಿ, ಎರಡೂ ಈ ಕೆಲಸಕ್ಕೆ ಬರುತ್ತವೆ. ಜೊತೆಗೇ ಇರುವ ಎಸಿ127, ಎಸಿ187 ಎನ್‌ಪಿಎನ್, ಅವನ್ನು ಬೆರೆಸಬೇಡಿ.

ಹಾಕುವ ಮೊದಲು ಸೋರಿಕೆ ಅಳೆಯಿರಿ. ಅಗ್ಗದ ಮೀಟರಿನ ಗೇನ್ ಅಂಕಿಯನ್ನು ನಂಬಬೇಡಿ, ಅದು ಸೋರಿಕೆಯನ್ನೂ ಗೇನ್ ಎಂದೇ ತೋರಿಸುತ್ತದೆ. ಬ್ರೆಡ್‌ಬೋರ್ಡಿನಲ್ಲಿ ಎಮಿಟರನ್ನು ಬ್ಯಾಟರಿಯ ಪ್ಲಸ್‌ಗೆ ಕೊಡಿ. ಕಲೆಕ್ಟರ್‌ನಿಂದ ಮೈನಸ್‌ಗೆ 2.2 ಕಿಲೋಓಮ್ ಮತ್ತು 270 ಓಮ್ ಸೀರೀಸ್‌ನಲ್ಲಿ. ಬೇಸ್ ಖಾಲಿ ಬಿಟ್ಟು ಈ ಎರಡು ರೆಸಿಸ್ಟರ್‌ಗಳ ಮೇಲಿನ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಬೇಸ್‌ನಿಂದ ಮೈನಸ್‌ಗೆ 2.2 ಮೆಗಾಓಮ್ ಸೇರಿಸಿ ಮತ್ತೆ ಬರೆದುಕೊಳ್ಳಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದು ನೂರರಿಂದ ಗುಣಿಸಿದರೆ ನಿಜವಾದ ಗೇನ್. ಬೇಸ್ ಖಾಲಿಯಿದ್ದಾಗ 0.20, ಸೇರಿಸಿದಾಗ 0.95 ಬಂತೆನ್ನಿ: ಗೇನ್ 75, ಸೋರಿಕೆ ಸುಮಾರು 80 ಮೈಕ್ರೋಆಂಪ್. ಮೊದಲ ಜಾಗಕ್ಕೆ 70ರಿಂದ 80, ಎರಡನೆಯದಕ್ಕೆ 110ರಿಂದ 130 ಗೇನ್ ಒಳ್ಳೆಯ ಜೋಡಿ. ಮೊದಲನೆಯದರ ಸೋರಿಕೆ 100 ಮೈಕ್ರೋಆಂಪ್ ದಾಟದಿರಲಿ, ಅಂದರೆ ಬೇಸ್ ಖಾಲಿಯಿದ್ದಾಗ 0.25 ವೋಲ್ಟ್. ಎರಡನೆಯದಕ್ಕೆ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ.

ಹಂತ 6: ಆಂಪ್ ಮತ್ತು ರೆಕಾರ್ಡಿಂಗ್

ಹಳೆ ರೆಕಾರ್ಡಿಂಗ್‌ಗಳಲ್ಲಿ ಫಝ್‌ನ ಹಿಂದೆ ಜೋರಾಗಿ ಏರಿಸಿದ ವಾಲ್ವ್ ಆಂಪ್ ಇರುತ್ತಿತ್ತು. ಫಝ್‌ನ ಚೂಪು ಅಂಚನ್ನು ಉಜ್ಜಿ ನುಣುಪಾಗಿಸುತ್ತಿದ್ದುದು ಅದೇ. ಮನೆಯ ಸಣ್ಣ ಸಾಲಿಡ್-ಸ್ಟೇಟ್ ಆಂಪ್‌ನಲ್ಲಿ ಫಝ್ ನೊಣದಂತೆ ಗುಂಯ್‌ಗುಡುವುದಕ್ಕೆ ಕಾರಣ ಅದು ಇಲ್ಲದಿರುವುದು. ಫಝ್‌ನ ನಂತರ ಓವರ್‌ಡ್ರೈವ್ ಪೆಡಲ್ ಒಂದನ್ನು ಡ್ರೈವ್ ಕಡಿಮೆ, ಟೋನ್ ನಡುವಿನಿಂದ ಕೆಳಗೆ ಇಟ್ಟು ಸದಾ ಆನ್‌ನಲ್ಲಿ ಬಿಡಿ. ಆಂಪ್‌ನಲ್ಲಿ ಟ್ರೆಬಲ್ ಇಳಿಸಿ, ಮಿಡ್ ಏರಿಸಿ. ಬಿಗ್ ಮಫ್ ತಂಡದ ನಡುವೆ ಕಾಣೆಯಾಗುವುದಕ್ಕೂ ಇದೇ ಮದ್ದು, ಅದರ ತಗ್ಗಿದ ನಡು ಸ್ಥಾಯಿಯನ್ನು ಓವರ್‌ಡ್ರೈವ್ ತುಂಬಿಕೊಡುತ್ತದೆ.

ಆಡಿಯೋ ಇಂಟರ್ಫೇಸ್‌ಗೆ ನೇರ ಕೊಡುವುದಾದರೆ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಅನುಕರಣೆ) ಇಲ್ಲದೆ ಫಝ್ ಕೇಳಲೇಬೇಡಿ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್‌ನ ಮೇಲಿನದನ್ನು ಬಹುಪಾಲು ನುಂಗಿಬಿಡುತ್ತದೆ, ಫಝ್‌ನ ಕರ್ಕಶತೆಯೆಲ್ಲ ಇರುವುದು ಅಲ್ಲಿಯೇ.

ಕೆಟ್ಟಾಗ ಎಲ್ಲಿ ನೋಡಬೇಕು

ಸಿಲಿಕಾನ್ ಫಝ್‌ನಲ್ಲಿ ಆಕಾಶವಾಣಿ ಕೇಳಿಸುತ್ತಿದೆಯೇ? ಗೇನ್ ಹೆಚ್ಚಿರುವ ಸರ್ಕ್ಯೂಟ್ ರೇಡಿಯೊ ತರಂಗವನ್ನು ಹಿಡಿಯುತ್ತಿದೆ. ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್-ಬೇಸ್ ನಡುವೆ 100 ಪಿಕೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ. ಸಾಲದಿದ್ದರೆ 220. ಅದಕ್ಕಿಂತ ಹೆಚ್ಚಿಸಿದರೆ ದನಿ ಮಂಕಾಗತೊಡಗುತ್ತದೆ.

ಫಝ್ ನಾಬ್ ತಿರುಗಿಸುವಾಗ ಕರಕರ ಎನ್ನುವುದು ಈ ಸರ್ಕ್ಯೂಟಿನ ಸಹಜ ಗುಣ, ಆ ಪಾಟ್‌ನಲ್ಲಿ ಡಿಸಿ ಹರಿಯುತ್ತಿರುತ್ತದೆ. ವಾಲ್ಯೂಮ್ ನಾಬ್‌ನಲ್ಲಿ ಕರಕರ ಬಂದರೆ ಮಾತ್ರ ದೂಳೋ ತುಕ್ಕೋ ಇದೆ ಎಂದರ್ಥ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಇದು ಬೇಗ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿ.

ಗಿಟಾರ್ ವಾಲ್ಯೂಮ್ ಪೂರ್ತಿಯಿದ್ದಾಗ ಕೆಳತಂತಿಗಳು ಉಬ್ಬಿ ಕಲಸಿಹೋದರೆ ಪೆಡಲ್‌ಗೆ ಕೈಹಾಕುವ ಮೊದಲು ನೆಕ್ ಪಿಕಪ್‌ನಿಂದ ಬ್ರಿಜ್‌ಗೆ ಬನ್ನಿ, ವಾಲ್ಯೂಮನ್ನು 9ಕ್ಕೆ ತನ್ನಿ. ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವವರಿಗೆ 2.2 ಮೈಕ್ರೋಫ್ಯಾರಡ್ ಇನ್‌ಪುಟ್ ಕೆಪಾಸಿಟರ್ ದೊಡ್ಡದಾಗುತ್ತದೆ, 0.1 ಹಾಕಿದರೆ ಕೆಳಸ್ಥಾಯಿ ಬಿಗಿಯಾಗುತ್ತದೆ, ಇನ್ನೂ ಉಬ್ಬಿದ್ದರೆ 0.047.